ಪಾಲು, ರಾಶಿ, ನಸೀಬು: ‘ಲಾಟ್’ ಎಂಬ ಪದದ ಬೆನ್ನುಹತ್ತಿ

ಇಂಗ್ಲಿಷಿನಲ್ಲಿ ಮೂರೇ ಅಕ್ಷರದ ಒಂದು ಪದ ಇದೆ, ‘ಲಾಟ್’. ನೀವು ಇಂಗ್ಲಿಷ್ ಹೆಚ್ಚು ಓದಿದವರಾಗಿರಲಿ, ಇಲ್ಲದಿರಲಿ, ಈ ಪದ ದಿನಕ್ಕೊಂದು ಸಲವಾದರೂ ನಿಮ್ಮ ಕಿವಿಗೆ ಬಿದ್ದೇ ಬೀಳುತ್ತೆ. ಯಾರಾದರೂ ಉಪಕಾರ ಮಾಡಿದರೆ ‘ಥ್ಯಾಂಕ್ಸ್ ಎ ಲಾಟ್’ ಅಂತೀವಿ. ಮುಂಬೈಯಲ್ಲಿ ಇರುವವರು ಮ್ಹಾಡಾ ಮನೆಗಳ ‘ಲಾಟರಿ’ ಈ ವರ್ಷ ಯಾವಾಗ ಅಂತ ಕಾಯ್ತಾ ಇರ್ತಾರೆ. ದಿಲ್ಲಿಯ ಸರ್ಕಾರಿ ನೌಕರರು ಕ್ವಾರ್ಟರ್ಸ್ ‘ಅಲಾಟ್’ ಆಯ್ತಾ ಅಂತ ಒಬ್ಬರನ್ನೊಬ್ಬರು ಕೇಳ್ತಾರೆ. ನಮ್ಮೂರ ಕಡೆ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ದ ರೈತನ ಮಾಲಿಗೆ ‘ಲಾಟ್ ನಂಬರ್’ ಬೀಳುತ್ತೆ, ವ್ಯಾಪಾರಸ್ಥರು ಆ ನಂಬರಿಗೆ ಟೆಂಡರ್ ಹಾಕ್ತಾರೆ.

ಇವೆಲ್ಲ ಬೇರೆ ಬೇರೆ ಪದಗಳೋ, ಒಂದೇ ಪದವೋ? ಪುಣೆಯಲ್ಲಿ ನಾನು ಇಂಗ್ಲಿಷ್ ಕಲಿಸುವ ಏಳನೇ ತರಗತಿಯಲ್ಲಿ ಮನೆಮಾತು ಮೂರು ನಾಲ್ಕು ಇವೆ: ಉರ್ದು, ಮರಾಠಿ, ಕನ್ನಡ, ಒಂದಿಬ್ಬರದು ತೆಲುಗು. ‘ಎ ಲಾಟ್ ಆಫ್’ ಎಂದರೆ ‘ತುಂಬಾ’ ಅಂತ ಬೋರ್ಡ್ ಮೇಲೆ ಬರೆದಾಗ ಒಬ್ಬ ಹುಡುಗಿ, “ಟೀಚರ್, ಲಾಟರಿಯಲ್ಲಿರೋ ಲಾಟ್ ಇದೇನಾ?” ಅಂದಳು. ಹೌದು, ಇದೇ. ಆ ‘ಹೌದು’ ಅನ್ನು ಬಿಡಿಸಿ ಹೇಳೋಕೆ ಎರಡು ಪೀರಿಯಡ್ ಹಿಡೀತು. ಅದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ನಿಮ್ಮ ಮುಂದೆ ಇಡ್ತೀನಿ. ಯಾಕಂದ್ರೆ ಈ ಪುಟ್ಟ ಪದದ ಒಳಗೆ ನಮ್ಮ ‘ನಸೀಬು’, ‘ಕಿಸ್ಮತ್ತು’, ‘ಭಾಗ್ಯ’, ‘ಪಾಲು’ ಎಲ್ಲವೂ ಅಡಗಿ ಕೂತಿವೆ.

ಸಾವಿರ ವರ್ಷಕ್ಕೂ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಈ ಪದದ ರೂಪ ‘ಹ್ಲೊಟ್’. ಆಗ ಅದಕ್ಕೆ ‘ತುಂಬಾ’ ಎಂಬ ಅರ್ಥ ಇರಲೇ ಇಲ್ಲ. ಹ್ಲೊಟ್ ಅಂದರೆ ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತು, ಕಟ್ಟಿಗೆಯ ಚೂರೋ ಚಿಕ್ಕ ಕಲ್ಲೋ. ನಾವು ಚೀಟಿ ಎತ್ತುವಾಗ ಹೆಸರು ಬರೆದ ಕಾಗದ ಮಡಚಿ ಡಬ್ಬಿಗೆ ಹಾಕ್ತೀವಲ್ಲ, ಕಾಗದ ಇಲ್ಲದ ಕಾಲದಲ್ಲಿ ಅವರು ಆ ಕೆಲಸಕ್ಕೆ ಕಟ್ಟಿಗೆ ಚೂರುಗಳನ್ನು ಬಳಸ್ತಿದ್ದರು. ಪ್ರತಿಯೊಬ್ಬರ ಚೂರಿನ ಮೇಲೂ ಅವರವರ ಗುರುತು. ಒಂದು ಪಾತ್ರೆಗೋ ಶಿರಸ್ತ್ರಾಣಕ್ಕೋ ಎಲ್ಲ ಹಾಕಿ ಕುಲುಕೋದು, ಯಾರದು ಹೊರಗೆ ಬರುತ್ತೋ ಅವರಿಗೆ ಸರದಿ. ರೋಮಿನ ಇತಿಹಾಸಕಾರ ಟ್ಯಾಸಿಟಸ್ ಕ್ರಿ.ಶ. 98ರ ಸುಮಾರಿಗೆ ಜರ್ಮನ್ ಬುಡಕಟ್ಟುಗಳ ಬಗ್ಗೆ ಬರೆಯುವಾಗ ಇದನ್ನೇ ಹೇಳಿದ್ದಾನೆ. ಹಣ್ಣು ಬಿಡುವ ಮರದ ಕೊಂಬೆ ಕಡಿದು, ಚೂರು ಮಾಡಿ, ಗುರುತು ಹಾಕಿ, ಬಿಳಿ ಬಟ್ಟೆಯ ಮೇಲೆ ಚೆಲ್ಲಿ ಶಕುನ ನೋಡ್ತಿದ್ದರಂತೆ. ಇಂಗ್ಲಿಷಿನ ದಾಯಾದಿ ಭಾಷೆಗಳಲ್ಲೂ ಈ ಪದ ಇನ್ನೂ ಬದುಕಿದೆ. ಜರ್ಮನ್ನಿನಲ್ಲಿ ‘ಲೋಸ್’ ಅಂದರೆ ಇವತ್ತಿಗೂ ಲಾಟರಿ ಟಿಕೆಟ್ಟು. ಐಸ್‌ಲ್ಯಾಂಡಿನವರ ಭಾಷೆಯಲ್ಲಿ ‘ಹ್ಲುತುರ್’ ಅಂದರೆ ವಸ್ತು, ಭಾಗ.

ಈ ಚೂರು ಮೊದಲು ಏನು ಮಾಡಿತು ಅಂದ್ರೆ, ತಾನು ಕೊಡಿಸಿದ ಪಾಲಿಗೆ ತನ್ನ ಹೆಸರನ್ನೇ ಕೊಟ್ಟಿತು. ಚೂರು ಎತ್ತಿದ್ದರಿಂದ ನಿನಗೆ ಸಿಕ್ಕ ಪಾಲು ನಿನ್ನ ‘ಲಾಟ್’ ಆಯಿತು. ಆಮೇಲೆ ಜೀವನದಲ್ಲಿ ಒಬ್ಬನಿಗೆ ಸಿಕ್ಕಿದ್ದೆಲ್ಲ, ಸುಖವೋ ಕಷ್ಟವೋ, ಅವನ ‘ಲಾಟ್’ ಅನಿಸಿಕೊಂಡಿತು. ಹಣೆಬರಹ ಅಂತೀವಲ್ಲ, ಆ ಅರ್ಥ. ಒಬ್ಬರ ಜೊತೆ ಕಷ್ಟಸುಖಕ್ಕೆ ನಿಲ್ಲೋದಕ್ಕೆ ‘ಅವರ ಜೊತೆ ತನ್ನ ಲಾಟ್ ಹಾಕಿದ’ ಎಂಬ ಮಾತು ಇಂಗ್ಲಿಷಿನಲ್ಲಿ ಈಗಲೂ ಇದೆ. ನಿನ್ನ ಕಟ್ಟಿಗೆ ಚೂರನ್ನು ಅವರ ಪಾತ್ರೆಗೇ ಹಾಕಿಬಿಟ್ಟೆ ಅಂತ ಅರ್ಥ. ಒಳ್ಳೆಯ ಮಾತು.

17ನೇ ಶತಮಾನದಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದವರು ಊರು ಕಟ್ಟುವಾಗ ಭೂಮಿಯನ್ನು ತುಂಡು ಮಾಡಿ, ಯಾವ ತುಂಡು ಯಾರಿಗೆ ಅಂತ ಲಾಟ್ ಎತ್ತಿ ಹಂಚಿಕೊಂಡರು. ಹಾಗಾಗಿ 1630ರ ದಶಕದಿಂದ ನೆಲದ ತುಂಡಿಗೂ ‘ಲಾಟ್’ ಅಂತಲೇ ಹೆಸರು. ಅಮೆರಿಕದವರು ಕಾರು ನಿಲ್ಲಿಸುವ ಜಾಗವನ್ನು ‘ಪಾರ್ಕಿಂಗ್ ಲಾಟ್’ ಅನ್ನೋದು ಅಲ್ಲಿಂದಲೇ. ಆ ಭೂಮಿ ಮೊದಲು ಯಾರದಾಗಿತ್ತು, ಲಾಟ್ ಎತ್ತುವಾಗ ಅಲ್ಲಿನ ಮೂಲನಿವಾಸಿಗಳ ಹೆಸರು ಪಾತ್ರೆಯಲ್ಲಿತ್ತಾ ಅಂತ ಕೇಳಿದರೆ, ಇರಲಿಲ್ಲ. ಈ ಪ್ರಶ್ನೆ ನೆನಪಿರಲಿ, ಮುಂದೆ ಮತ್ತೆ ಬರುತ್ತೆ. ಅಂದ ಹಾಗೆ ನಿಮ್ಮ ಹತ್ರ ಊರ ಹೊಲದ ಪಹಣಿ ಇದ್ದರೆ ತೆಗೆದು ನೋಡಿ. ಸರ್ವೆ ನಂಬರ್ ಜೊತೆಗೆ ‘ಹಿಸ್ಸಾ ನಂಬರ್’ ಅಂತ ಇರುತ್ತೆ. ಹಿಸ್ಸಾ ಅಂದರೆ ಅರಬಿಯಿಂದ ಫಾರಸಿ, ಉರ್ದು ದಾಟಿ ಕನ್ನಡದ ಕಂದಾಯ ಇಲಾಖೆಗೆ ಬಂದ ಪದ, ಅರ್ಥ ‘ಪಾಲು’. ಅಮೆರಿಕದವರ ‘ಲಾಟ್ ನಂಬರ್’ ಮತ್ತು ನಮ್ಮ ಪಹಣಿಯ ‘ಹಿಸ್ಸಾ ನಂಬರ್’ ಎರಡೂ ಒಂದೇ ಯೋಚನೆ.

ಹಾಗಾದರೆ ‘ಪಾಲು’ ಇದ್ದದ್ದು ‘ತುಂಬಾ’ ಆದದ್ದು ಹೇಗೆ? ಹರಾಜಿನ ದಾರಿಯಿಂದ. ಸಾಮಾನು ಹರಾಜು ಹಾಕುವವರು ಎಲ್ಲವನ್ನೂ ಒಟ್ಟಿಗೆ ಕೂಗೋದಿಲ್ಲ, ಇಷ್ಟಿಷ್ಟು ಅಂತ ಪಾಲು ಮಾಡಿ ಗುಡ್ಡೆ ಹಾಕ್ತಾರೆ. ಆ ಒಂದೊಂದು ಪಾಲೂ ಒಂದು ‘ಲಾಟ್’. 18ನೇ ಶತಮಾನದ ಹೊತ್ತಿಗೆ ‘ಲಾಟ್’ ಅಂದರೆ ಒಂದು ಗುಂಪು, ಒಂದು ಕಟ್ಟು ಅನ್ನೋ ಅರ್ಥ ಬಂತು. ಮನುಷ್ಯರಿಗೂ ಅಂಟಿತು: ಕೆಟ್ಟ ನಡತೆಯವನನ್ನು ‘ಬ್ಯಾಡ್ ಲಾಟ್’ ಅಂದರು, ಅಂದರೆ ಹರಾಜಿನ ಕೊಳೆತ ಮಾಲು ಅಂದ ಹಾಗೆ. 19ನೇ ಶತಮಾನದ ಆರಂಭಕ್ಕೆ ಬರುವಾಗ ಗುಡ್ಡೆ ಅಂದರೆ ‘ಬಹಳ’ ಅಂತಲೇ ಆಯಿತು. ಕಟ್ಟಿಗೆ ಚೂರಿಗೂ ‘ಥ್ಯಾಂಕ್ಸ್ ಎ ಲಾಟ್’ಗೂ ನಡುವೆ ಇಷ್ಟು ದೊಡ್ಡ ಹಾದಿ ಇದೆ.

ಗುಡ್ಡೆ ‘ಬಹಳ’ ಆಗೋದು ನಮಗೆ ಹೊಸದಲ್ಲ. ಶಿರಸಿ, ಸಿದ್ದಾಪುರದ ಕಡೆಯವರು ‘ರಾಶಿ ಚಲೋ ಇದ್ದು’ ಅಂತಾರೆ. ಕಣದಲ್ಲಿ ಹಾಕುವ ರಾಶಿಯೇ ಅಲ್ಲಿ ‘ತುಂಬಾ’ ಆಗಿದೆ. ಉರ್ದುವಿನಲ್ಲಿ ‘ಢೇರ್ ಸಾರಾ’ ಅಂತೀವಿ, ಢೇರ್ ಅಂದರೂ ರಾಶಿಯೇ. ಮುಂಬೈಯ ಮೀನು ಮಾರ್ಕೆಟ್ಟಿಗೆ ಹೋಗಿ ನೋಡಿ, ಕೋಳಿ ಹೆಂಗಸರು ಸಣ್ಣ ಮೀನು, ಸಿಗಡಿಯನ್ನು ತೂಕ ಮಾಡೋದಿಲ್ಲ, ಪುಟ್ಟ ಪುಟ್ಟ ಗುಡ್ಡೆ ಮಾಡಿಟ್ಟು ಒಂದು ‘ವಾಟಾ’ ಇಷ್ಟು ಅಂತ ಕೂಗ್ತಾರೆ. ಮರಾಠಿಯಲ್ಲಿ ವಾಟಾ ಅಂದರೆ ಮೂಲದಲ್ಲಿ ‘ಪಾಲು’. ಪಾಲು ಗುಡ್ಡೆಯಾದ ‘ಲಾಟ್’ನ ಕಥೆಯೇ ಅಲ್ಲಿ ಬುಟ್ಟಿಯೊಳಗೆ ಕೂತಿದೆ. ಹಳೆ ಮೈಸೂರು ಕಡೆಯ ಹಳ್ಳಿಗಳಲ್ಲಿ ‘ಗುಡ್ಡೆ ಮಾಂಸ’ ಅಂತ ಇದೆಯಲ್ಲ, ಕುರಿ ಕಡಿದು ಸಮಸಮ ಗುಡ್ಡೆ ಹಾಕಿ ಮನೆಗೊಂದರಂತೆ ಒಯ್ಯೋದು, ಅಲ್ಲೂ ಅಷ್ಟೇ: ಗುಡ್ಡೆ ಅಂದರೆ ಪಾಲು, ಪಾಲು ಅಂದರೆ ಗುಡ್ಡೆ.

ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ತಮಾಷೆ ಇದೆ. ‘ಲಾಟ್’ ಹಣೆಬರಹದಿಂದ ಹೊರಟು ಗುಡ್ಡೆಗೆ ಬಂತು. ನಮ್ಮ ‘ರಾಶಿ’ ಗುಡ್ಡೆಯಿಂದ ಹೊರಟು ಹಣೆಬರಹಕ್ಕೆ ಹೋಯಿತು. ಸಂಸ್ಕೃತದಲ್ಲಿ ರಾಶಿ ಅಂದರೆ ಮೊದಲು ಗುಡ್ಡೆ, ಸಮೂಹ. ಆಮೇಲೆ ನಕ್ಷತ್ರಗಳ ಗುಂಪು, ಆಮೇಲೆ ಮೇಷ, ವೃಷಭ ಅನ್ನುವ ಹನ್ನೆರಡು ರಾಶಿ, ಕೊನೆಗೆ ಪತ್ರಿಕೆಯ ದಿನಭವಿಷ್ಯ! ಎರಡೂ ಪದಗಳು ಎದುರು ಬದುರಿನ ಬಸ್ಸು ಹತ್ತಿ ಒಂದರ ಊರಿಗೆ ಇನ್ನೊಂದು ಹೋದ ಹಾಗೆ.

ಮಕ್ಕಳಿಗೆ ಪಾಠ ಮಾಡುವವರು ಮನೆಯಲ್ಲಿದ್ದರೆ ಒಂದೆರಡು ವ್ಯಾಕರಣದ ಮಾತು. ‘ಎ ಲಾಟ್’ ಎರಡು ಪದ, ಕೂಡಿಸಿ ಬರೆಯಬಾರದು. ‘ಅಲಾಟ್’ ಬೇರೆ ಪದ, ಅದು ಫ್ರೆಂಚಿನ ಕಡೆಯಿಂದ ಸುತ್ತಿ ಬಂದದ್ದು, ಅರ್ಥ ‘ಹಂಚಿಕೊಡು’. ಇನ್ನು ‘ಎ’ ಅಂದರೆ ಒಂದು, ಹಾಗಿದ್ದ ಮೇಲೆ ‘ಎ ಲಾಟ್ ಆಫ್ ಪೀಪಲ್’ ಮುಂದೆ ಬಹುವಚನ ಯಾಕೆ ಅಂತ ಮಕ್ಕಳು ಕೇಳ್ತಾರೆ. ಇಲ್ಲಿ ಇಂಗ್ಲಿಷಿನವರ ಮನಸ್ಸಿನಲ್ಲಿ ಗುಡ್ಡೆ ಮರೆತುಹೋಗಿ ಜನ ಮಾತ್ರ ಉಳಿದಿದ್ದಾರೆ, ಅದಕ್ಕೇ. ನೀರಾದರೆ ಏಕವಚನ, ಜನರಾದರೆ ಬಹುವಚನ. ಅಷ್ಟು ಸಾಕು.

ಈಗ ನಮ್ಮ ಭಾಷೆಗಳ ಕಡೆ ತಿರುಗೋಣ. ನನಗೆ ಈ ಲೇಖನ ಬರೆಯಬೇಕು ಅನಿಸಿದ್ದು ನಿಜವಾಗಿ ಇದಕ್ಕೇ.

ಉರ್ದು ಮಾಧ್ಯಮದಲ್ಲಿ ಗಣಿತ ಓದಿದವರಿಗೆ ನೆನಪಿರುತ್ತೆ: ಜಮಾ, ತಫ್ರೀಕ್, ಜರ್ಬ್, ತಕ್ಸೀಮ್. ಕೂಡಿಸು, ಕಳೆ, ಗುಣಿಸು, ಭಾಗಿಸು. ಈ ‘ತಕ್ಸೀಮ್’ ಅರಬಿಯ ‘ಕಾಫ್, ಸೀನ್, ಮೀಮ್’ ಎಂಬ ಮೂರಕ್ಷರದ ಧಾತುವಿನಿಂದ ಬಂದದ್ದು. ಅದೇ ಧಾತುವಿನಿಂದ ಬಂದ ಇನ್ನೊಂದು ಪದ ‘ಕಿಸ್ಮತ್’. ಅಂದರೆ ಕಿಸ್ಮತ್ತಿನ ಮೂಲ ಅರ್ಥ ಅದೃಷ್ಟ ಅಲ್ಲ. ಭಾಗ ಮಾಡಿದಾಗ ಬಂದ ಪಾಲು. ಈಗ ಕನ್ನಡ ಶಾಲೆಯ ಗಣಿತಕ್ಕೆ ಬನ್ನಿ. ಭಾಗಾಕಾರ, ಭಾಜ್ಯ, ಭಾಜಕ, ಭಾಗಲಬ್ಧ. ಅದೇ ‘ಭಾಗ’ದಿಂದಲೇ ‘ಭಾಗ್ಯ’ ಬಂದಿದೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಭಾಷಾ ಕುಟುಂಬಗಳು, ಅರಬಿ ಮತ್ತು ಸಂಸ್ಕೃತ, ಎರಡೂ ಭಾಗಾಕಾರದಿಂದಲೇ ಅದೃಷ್ಟವನ್ನು ಹುಟ್ಟಿಸಿವೆ. ಇಂಗ್ಲಿಷ್ ‘ಲಾಟ್’ ಸೇರಿದರೆ ಮೂರಾಯಿತು. ಅಚ್ಚ ಕನ್ನಡದ ‘ಪಾಲು’ ಸೇರಿದರೆ ನಾಲ್ಕು.

‘ಪಾಲು’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ‘ನನ್ನ ಪಾಲಿಗೆ ಅವರು ಸತ್ತಂಗೆ’, ‘ಅವಳ ಪಾಲಿಗೆ ತವರುಮನೆ ಮುಚ್ಚಿತು’ ಅಂತೀವಿ. ಇಲ್ಲಿ ಯಾರೂ ಏನನ್ನೂ ಹಂಚಿಲ್ಲ. ‘ಪಾಲಿಗೆ’ ಅನ್ನೋದು ಬರೀ ‘ಮಟ್ಟಿಗೆ’ ಅನ್ನೋ ಅರ್ಥಕ್ಕೆ ಸವೆದಿದೆ. ಮರಾಠಿಯವರು ‘ವಾಟ್ಯಾಲಾ ಆಲಂ’ ಅಂತಾರೆ, ಉರ್ದುವಿನಲ್ಲಿ ‘ಹಿಸ್ಸೇ ಮೇಂ ಆಯಾ’ ಅಂತೀವಿ, ಕನ್ನಡದಲ್ಲಿ ‘ಪಾಲಿಗೆ ಬಂತು’. ಪುಣೆಯಲ್ಲಿ ಈ ಮೂರೂ ಒಂದೇ ಗಲ್ಲಿಯಲ್ಲಿ ಕೇಳ್ತವೆ, ಅರ್ಥ ಮೂರಕ್ಕೂ ಒಂದೇ.

ಇನ್ನು ‘ತಕ್ದೀರ್’. ಇದು ನೋಡೋಕೆ ಬೇರೆ ಥರ. ಇದರ ಧಾತು ‘ಕಾಫ್, ದಾಲ್, ರೇ’, ಅರ್ಥ ಅಳೆಯುವುದು. ಉರ್ದುವಿನಲ್ಲಿ ‘ಪ್ರಮಾಣ’ ಅನ್ನೋದಕ್ಕೆ ಇರುವ ಪದ ‘ಮಿಕ್ದಾರ್’ ಇದೇ ಧಾತುವಿನದು. ‘ಇಸ್ ಕದರ್’ ಅಂದರೆ ‘ಇಷ್ಟೊಂದು’. ರಮಝಾನಿನ ಲೈಲತುಲ್ ಕದ್ರ್‌ನಲ್ಲಿರುವ ಕದ್ರ್ ಕೂಡ ಇದೇ ಮನೆತನ. ಕನ್ನಡದಲ್ಲಿ ‘ಅವನ ಖದರೇ ಬೇರೆ’ ಅಂತ ನಾವು ಹೇಳುವ ಖದರೂ ಇಲ್ಲಿಯದೇ. ಪ್ರಮಾಣ ಹೇಳುವ ಪದ ಮತ್ತು ವಿಧಿ ಹೇಳುವ ಪದ ಒಂದೇ ಬೇರಿನವು ಅಂದ್ರೆ ನೋಡಿ, ‘ಲಾಟ್’ ಒಂದೇ ಪದದಲ್ಲಿ ಮಾಡಿದ್ದನ್ನು ಅರಬಿ ಎರಡು ಪದಗಳಲ್ಲಿ ಮಾಡಿದೆ.

ಆದರೆ ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ಪದ ‘ನಸೀಬ್’. ಉತ್ತರ ಕರ್ನಾಟಕದಲ್ಲಿ ಎಲ್ಲ ಜಾತಿ ಧರ್ಮದವರೂ ‘ನನ್ನ ನಸೀಬದಾಗ ಇಲ್ಲ ಬಿಡ್ರಿ’ ಅಂತಾರೆ. ಈ ಪದದ ಅರ್ಥವೂ ಪಾಲು ಅಂತಲೇ, ಅದೂ ಕಾನೂನಿನ ಅರ್ಥದಲ್ಲಿ. ಕುರ್‌ಆನಿನ ನಾಲ್ಕನೇ ಅಧ್ಯಾಯ ಸೂರಃ ಅನ್ನಿಸಾದ ಏಳನೇ ವಚನ ಆಸ್ತಿಯ ಬಗ್ಗೆ ಮಾತಾಡುತ್ತೆ. ತಂದೆತಾಯಿ ಮತ್ತು ಹತ್ತಿರದ ಬಂಧುಗಳು ಬಿಟ್ಟುಹೋದ ಆಸ್ತಿಯಲ್ಲಿ ಗಂಡಸರಿಗೆ ಪಾಲಿದೆ, ಹೆಂಗಸರಿಗೂ ಪಾಲಿದೆ, ಆಸ್ತಿ ಕಡಿಮೆಯಿರಲಿ ಹೆಚ್ಚಿರಲಿ, ಆ ಪಾಲು ಕಡ್ಡಾಯ ಅನ್ನುವುದು ಅದರ ತಾತ್ಪರ್ಯ. ಅಲ್ಲಿ ‘ಪಾಲು’ ಅನ್ನೋದಕ್ಕೆ ಬಳಸಿರುವ ಅರಬಿ ಪದವೇ ‘ನಸೀಬ್’.

ಈಗ ಸ್ವಲ್ಪ ನಿಂತು ಯೋಚಿಸಿ. ನಮ್ಮ ಎಷ್ಟು ಮನೆಗಳಲ್ಲಿ ಮಗಳ ಪಾಲಿನ ಮಾತು ಬಂದಾಗ, “ಮದುವೆಗೆ ಖರ್ಚು ಮಾಡಿದ್ದೀವಲ್ಲ” ಅಂತ ಮಾತು ಮುಗಿಸ್ತಾರೆ? ಆಮೇಲೆ ಆ ಹೆಣ್ಣುಮಗಳು ಬಾಡಿಗೆ ಮನೆಯಲ್ಲಿ ಕಷ್ಟಪಡ್ತಾ ಇದ್ದರೆ ಅದೇ ಮನೆಯವರು, “ಪಾಪ, ಅವಳ ನಸೀಬ್” ಅಂತಾರೆ. ನಸೀಬ್ ಅಂದರೆ ಪಾಲು. ಅವಳ ನಸೀಬನ್ನು ಯಾವ ವಿಧಿಯೂ ತಡೆಯಲಿಲ್ಲ, ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಅಣ್ಣತಮ್ಮಂದಿರು ಇಟ್ಟುಕೊಂಡರು. ಪಾಲು ಕೊಡಿ ಅಂತ ಹೇಳೋಕೆ ಬಂದ ಪದವನ್ನೇ ಪಾಲು ಕೊಡದಿರೋಕೆ ಸಮಾಧಾನದ ಮಾತಾಗಿ ಬಳಸೋದು ನನಗೆ ಯಾವತ್ತೂ ಜೀರ್ಣ ಆಗೋದಿಲ್ಲ. ‘ಪಾಲಿಗೆ ಬಂದದ್ದು ಪಂಚಾಮೃತ’ ಅನ್ನೋ ಗಾದೆಯನ್ನೂ ಹೀಗೇ ಬಳಸ್ತಾರೆ. ಗಾದೆಯಲ್ಲಿ ತಪ್ಪಿಲ್ಲ. ಆದರೆ ಅದನ್ನು ಸಾಮಾನ್ಯವಾಗಿ ಹೇಳೋದು ದೊಡ್ಡ ಪಾಲು ಇಟ್ಟುಕೊಂಡವರು, ಕೇಳಿಸಿಕೊಳ್ಳೋದು ಸಣ್ಣ ಪಾಲು ಸಿಕ್ಕವರು.

ಪಾಲು ಎಂದ ಮೇಲೆ ಹಂಚಿದವರು ಯಾರೋ ಇರಲೇಬೇಕು, ಹಂಚಿದ ಲೆಕ್ಕವೂ ಇರಬೇಕು. ಲೆಕ್ಕ ಸರಿ ಬಾರದಿದ್ದಾಗ, ಅಂದರೆ ವಸ್ತು ಒಂದು, ಸಮಾನ ಹಕ್ಕಿರುವವರು ಹತ್ತು ಮಂದಿ ಅಂತಾದಾಗ, ಏನು ಮಾಡೋದು? ಆಗಲೇ ಚೀಟಿ ಎತ್ತೋದು. ಉರ್ದುವಿನಲ್ಲಿ ಇದಕ್ಕೆ ‘ಕುರ್‌ಆ ಅಂದಾಜಿ’ ಅಂತೀವಿ. ಹಜ್ ಅರ್ಜಿ ಹಾಕಿದ ಮನೆಗಳಲ್ಲಿ ಈ ಪದ ಎಲ್ಲರಿಗೂ ಗೊತ್ತು. ರಾಜ್ಯಕ್ಕೆ ಸಿಕ್ಕ ಕೋಟಾಕ್ಕಿಂತ ಅರ್ಜಿ ಹೆಚ್ಚಾದರೆ ಹಜ್ ಕಮಿಟಿ ಆಫ್ ಇಂಡಿಯಾ ‘ಕುರ್ರಾ’ ತೆಗೆಯುತ್ತೆ. ಈಗ ಕಟ್ಟಿಗೆ ಚೂರಿನ ಕೆಲಸವನ್ನು ಕಂಪ್ಯೂಟರ್ ಮಾಡುತ್ತೆ, ಅಷ್ಟೇ ವ್ಯತ್ಯಾಸ.

“ಲಾಟರಿ ಹರಾಮ್ ಅಂತೀರಿ, ಮತ್ತೆ ಇದು ಹೇಗೆ?” ಅಂತ ಕೆಲವರು ಕೇಳ್ತಾರೆ. ಒಳ್ಳೆಯ ಪ್ರಶ್ನೆ. ಇಸ್ಲಾಮಿಗೆ ಮುಂಚಿನ ಅರಬರಲ್ಲಿ ‘ಮೈಸಿರ್’ ಎಂಬ ಜೂಜಿತ್ತು. ಒಂಟೆ ಕಡಿದು ಮಾಂಸ ಪಾಲು ಮಾಡೋದು, ಚೀಲದಿಂದ ಬಾಣ ಎಳೆಯೋದು. ಕೆಲವು ಬಾಣಗಳಿಗೆ ಪಾಲುಂಟು, ಕೆಲವು ಖಾಲಿ. ಖಾಲಿ ಬಾಣ ಬಂದವರಿಗೆ ಮಾಂಸವೂ ಇಲ್ಲ, ಮೇಲೆ ಒಂಟೆಯ ದುಡ್ಡನ್ನೂ ಅವರೇ ಕೊಡಬೇಕು. ಅಲ್ಲಿ ಒಬ್ಬನ ಜೇಬಿನಿಂದ ಇನ್ನೊಬ್ಬನ ಜೇಬಿಗೆ ಹೋಗುತ್ತೆ. ಅದು ನಿಷಿದ್ಧವಾಯಿತು. ಆದರೆ ಕುರ್‌ಆ ಹಾಗಲ್ಲ. ಪ್ರವಾದಿ ಮುಹಮ್ಮದ್(ಸ) ಪ್ರಯಾಣ ಹೊರಡುವಾಗ ಪತ್ನಿಯರಲ್ಲಿ ಯಾರು ಜೊತೆಗೆ ಬರಬೇಕು ಅನ್ನೋದಕ್ಕೆ ಕುರ್‌ಆ ಹಾಕುತ್ತಿದ್ದರು ಅನ್ನೋದು ಬುಖಾರಿಯ ಹದೀಸ್‌ನಲ್ಲಿದೆ. ಬಾಲಕಿ ಮರ್ಯಮ್‌ರ ಪೋಷಣೆ ಯಾರು ಹೊರಬೇಕು ಅಂತ ಲೇಖನಿಗಳನ್ನು ಹಾಕಿ ನೋಡಿದ ಪ್ರಸ್ತಾಪ ಕುರ್‌ಆನಿನಲ್ಲೇ ಇದೆ. ಇಲ್ಲಿ ಯಾರೂ ತಮ್ಮದನ್ನು ಕಳೆದುಕೊಳ್ಳೋದಿಲ್ಲ. ಎಲ್ಲರ ಹಕ್ಕೂ ಸಮ, ಆದರೆ ಜಾಗ ಒಂದೇ. ಹಾಗಾಗಿ ಯಾರ ಮೇಲೂ ಪಕ್ಷಪಾತ ಆಗದ ದಾರಿ.

ಈ ವ್ಯತ್ಯಾಸ ಪುಸ್ತಕದ್ದಲ್ಲ, ದಿನನಿತ್ಯದ್ದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಖಾಸಗಿ ಶಾಲೆಗಳ ಆರಂಭದ ತರಗತಿಯಲ್ಲಿ ಶೇಕಡಾ 25 ಸೀಟು ಬಡ ಮತ್ತು ಹಿಂದುಳಿದ ಮಕ್ಕಳಿಗೆ. ಮಹಾರಾಷ್ಟ್ರದಲ್ಲಿ ಅರ್ಜಿ ಹೆಚ್ಚಾದರೆ ಆನ್‌ಲೈನ್ ಲಾಟರಿ, ಮರಾಠಿಯಲ್ಲಿ ಅದಕ್ಕೆ ‘ಸೋಡತ್’ ಅಂತಾರೆ. ಪ್ರತಿ ವರ್ಷ ಅದು ಮುಗಿದ ಮೇಲೆ ಹೆಸರು ಬಾರದ ಮಗುವಿನ ಮುಂದೆಯೇ ಅಪ್ಪಅಮ್ಮ “ಇವನ ನಸೀಬೇ ಖೋಟಿ” ಅನ್ನೋದನ್ನ ಕೇಳಿದ್ದೀನಿ. ಆರು ವರ್ಷದ ಮಗು ಅದನ್ನು ನಂಬುತ್ತೆ. ದಯವಿಟ್ಟು ಹಾಗೆ ಅನ್ನಬೇಡಿ. ಲಾಟ್ ಎತ್ತಿದ್ದಾರೆ ಅಂದರೆ ಅದರ ಅರ್ಥ ಒಂದೇ: ನಿಮ್ಮ ಮಗುವಿಗೂ ಅಷ್ಟೇ ಹಕ್ಕಿತ್ತು, ಸೀಟು ಸಾಲಲಿಲ್ಲ. ಕಡಿಮೆ ಇದ್ದದ್ದು ಸೀಟು, ನಸೀಬಲ್ಲ. ಸೀಟು ಯಾಕೆ ಕಡಿಮೆ ಅಂತ ಕೇಳಬಹುದು, ನಸೀಬನ್ನು ಬೈದರೆ ಕೇಳೋಕೆ ಏನೂ ಉಳಿಯಲ್ಲ.

ಚೀಟಿ ಎತ್ತುವುದು ನ್ಯಾಯ ಅಂತ ಮನುಷ್ಯರಿಗೆ ಬಹಳ ಹಿಂದೆಯೇ ಹೊಳೆದಿದೆ. ಪ್ರಾಚೀನ ಅಥೆನ್ಸಿನಲ್ಲಿ 500 ಜನರ ಸಭೆಗೂ ನ್ಯಾಯಾಲಯಗಳಿಗೂ ಜನರನ್ನು ಹೀಗೆಯೇ ಆರಿಸುತ್ತಿದ್ದರು. ಗ್ರೀಕಿನಲ್ಲಿ ಲಾಟ್‌ಗೆ ‘ಕ್ಲೇರೋಸ್’ ಅಂತ ಹೆಸರು. ಅದೇ ಪದ ಕ್ರೈಸ್ತ ಚರ್ಚಿಗೆ ಹೋಗಿ ಪಾದ್ರಿಗಳ ಹೆಸರಾಯಿತು, ಮಧ್ಯಯುಗದ ಯುರೋಪಿನಲ್ಲಿ ಓದು ಬರಹ ಬಲ್ಲವರು ಹೆಚ್ಚಾಗಿ ಪಾದ್ರಿಗಳೇ ಆದ್ದರಿಂದ ಬರೆಯುವವರೆಲ್ಲ ‘ಕ್ಲರ್ಕ್’ ಆದರು. ನಮ್ಮ ಆಫೀಸಿನ ಕ್ಲರ್ಕ್ ಸಾಹೇಬರು ಮೂಲದಲ್ಲಿ ಒಂದು ಚೀಟಿ ಚೂರು! ಲ್ಯಾಟಿನ್ನಿನಲ್ಲಿ ಲಾಟ್‌ಗೆ ‘ಸೋರ್ಸ್’ ಅಂತಿದ್ದರು, ಅದರಿಂದ ‘ಸಾರ್ಟ್’ ಬಂತು. ಕಂಪ್ಯೂಟರಿನಲ್ಲಿ ಪಟ್ಟಿ ಸಾರ್ಟ್ ಮಾಡ್ತೀವಲ್ಲ, ಅದೇ.

ಚೆನ್ನೈಯಲ್ಲಿರುವ ಓದುಗರು ಒಂದು ದಿನ ಬಿಡುವು ಮಾಡಿಕೊಂಡು ಕಾಂಚೀಪುರಂ ಜಿಲ್ಲೆಯ ಉತ್ತರಮೇರೂರಿಗೆ ಹೋಗಿಬರಬಹುದು. ಅಲ್ಲಿಯ ವೈಕುಂಠ ಪೆರುಮಾಳ್ ದೇವಸ್ಥಾನದ ಗೋಡೆಯ ಮೇಲೆ ಚೋಳ ದೊರೆ ಒಂದನೇ ಪರಾಂತಕನ ಕಾಲದ, ಕ್ರಿ.ಶ. 920ರ ಆಸುಪಾಸಿನ ಶಾಸನಗಳಿವೆ. ಊರಿನ ಸಮಿತಿಗಳಿಗೆ ಸದಸ್ಯರನ್ನು ಆರಿಸುವ ‘ಕುಡವೋಲೈ’ ಪದ್ಧತಿಯ ನಿಯಮಗಳು ಅಲ್ಲಿ ಕೆತ್ತಿವೆ. ತಾಳೆಗರಿಯ ಮೇಲೆ ಹೆಸರು ಬರೆದು ಮಡಕೆಗೆ ಹಾಕಿ, ಪುಟ್ಟ ಹುಡುಗನೊಬ್ಬನಿಂದ ಎತ್ತಿಸೋದು. ಪ್ರಜಾಪ್ರಭುತ್ವದ ಹೆಮ್ಮೆಯ ಉದಾಹರಣೆ ಅಂತ ಎಲ್ಲರೂ ಹೇಳ್ತಾರೆ, ವಿಧಾನ ನಿಜಕ್ಕೂ ಚೆನ್ನಾಗಿದೆ. ಆದರೆ ಶಾಸನ ಇನ್ನೂ ಒಂದು ವಿಷಯ ಹೇಳುತ್ತೆ. ಮಡಕೆಗೆ ಹೆಸರು ಬೀಳಬೇಕಾದರೆ ಸ್ವಂತ ಜಮೀನು ಬೇಕು, ಸ್ವಂತ ಮನೆ ಬೇಕು, ವಯಸ್ಸು 35ರಿಂದ 70ರ ಒಳಗಿರಬೇಕು, ವೇದ ಓದಿರಬೇಕು. ಅದು ಬ್ರಾಹ್ಮಣರಿಗೆ ದತ್ತಿಯಾಗಿ ಬಂದ ಗ್ರಾಮ. ಹೊಲದಲ್ಲಿ ದುಡಿಯುತ್ತಿದ್ದವರ ಹೆಸರು ಮಡಕೆಗೆ ಬೀಳುವ ಪ್ರಶ್ನೆಯೇ ಇಲ್ಲ. ಅಥೆನ್ಸಿನಲ್ಲೂ ಹೆಂಗಸರು, ಗುಲಾಮರು ಹೊರಗೇ. ಚೀಟಿ ಎತ್ತುವ ಕೈ ಎಷ್ಟೇ ನಿಷ್ಪಕ್ಷಪಾತಿಯಾಗಿದ್ದರೂ, ಚೀಟಿ ಬರೆಯುವ ಕೈ ಯಾರನ್ನು ಬಿಟ್ಟಿತು ಅಂತ ನೋಡಬೇಕು. ಅಮೆರಿಕದ ಭೂಮಿಯ ವಿಷಯದಲ್ಲಿ ಕೇಳಿದ ಪ್ರಶ್ನೆಯೇ ಇದು. ರೇಷನ್ ಕಾರ್ಡು, ಬಾಡಿಗೆ ಕರಾರು, ಆದಾಯ ಪ್ರಮಾಣಪತ್ರ ಹೊಂದಿಸೋಕಾಗದೆ ಅರ್ಜಿಯನ್ನೇ ಹಾಕದ ವಲಸೆ ಕುಟುಂಬಗಳು ನಮ್ಮ ಸುತ್ತಲೂ ಎಷ್ಟಿವೆ! ನೀವು ಓದುಬರಹ ಬಲ್ಲವರು, ನಿಮ್ಮ ಬೀದಿಯ ಒಂದು ಮಗುವಿನ ಅರ್ಜಿ ತುಂಬಿಕೊಟ್ಟರೂ ಒಂದು ಚೀಟಿ ಮಡಕೆಗೆ ಬಿದ್ದ ಹಾಗೆ.

ದುಡ್ಡಿನ ಲಾಟರಿಯ ಬಗ್ಗೆ ಹೆಚ್ಚು ಹೇಳೋದಿಲ್ಲ. ಇಂಗ್ಲೆಂಡಿನಲ್ಲಿ ಒಂದನೇ ಎಲಿಜಬೆತ್ ರಾಣಿ ಬಂದರುಗಳ ರಿಪೇರಿಗೆ ಹಣ ಬೇಕಾಗಿ ನಡೆಸಿದ ಲಾಟರಿಯ ಡ್ರಾ 1569ರಲ್ಲಿ ಆಯಿತು. ನಮ್ಮಲ್ಲಿ ಕೇರಳ ಸರ್ಕಾರ 1967ರಲ್ಲಿ ಶುರುಮಾಡಿತು, ಮಹಾರಾಷ್ಟ್ರ 1969ರಲ್ಲಿ. ಕರ್ನಾಟಕ 2007ರಲ್ಲಿ ನಿಷೇಧ ಮಾಡಿತು, ಎಷ್ಟೋ ಮನೆಗಳು ಹಾಳಾದ ಮೇಲೆ. ಆ ಕಾಲದ ಒಂದು ನೆನಪು ಬೆಂಗಳೂರಿನ ಆಡುಮಾತಿನಲ್ಲಿ ಉಳಿದಿದೆ. ‘ಅವನಿಗೆ ಲಾಟರಿ ಹೊಡೀತು’ ಅಂದರೆ ಅದೃಷ್ಟ ಖುಲಾಯಿಸಿತು ಅಂತ. ಆದರೆ ‘ಅವನು ಲಾಟರಿ ಹೊಡೀತಾ ಇದಾನೆ’ ಅಂದರೆ ಕೈಯಲ್ಲಿ ಕಾಸಿಲ್ಲದೆ ಪರದಾಡ್ತಾ ಇದಾನೆ ಅಂತ! ಕರ್ತೃ ಬದಲಾದರೆ ಸಾಕು, ಅರ್ಥ ತಲೆಕೆಳಗು. ಟಿಕೆಟ್ ಕೊಂಡವರ ಅನುಭವ ಜನರ ಬಾಯಲ್ಲಿ ಹೀಗೆ ವ್ಯಾಕರಣವಾಗಿದೆ. ಶೇರು ಪೇಟೆಯಲ್ಲಿ ಮಾತ್ರ ಈ ಪದದ ಮೂರು ತಲೆಮಾರು ಒಟ್ಟಿಗೆ ವಾಸ ಮಾಡ್ತಾ ಇವೆ. ಹೊಸ ಕಂಪನಿಯ ಶೇರಿಗೆ ಸಣ್ಣ ಹೂಡಿಕೆದಾರರ ಅರ್ಜಿ ಮಿತಿಮೀರಿ ಬಂದರೆ ಒಬ್ಬರಿಗೆ ಒಂದೇ ‘ಲಾಟ್’ ಅಂತ ‘ಡ್ರಾ ಆಫ್ ಲಾಟ್ಸ್’ ಮಾಡಿ ‘ಅಲಾಟ್’ ಮಾಡ್ತಾರೆ. ಗುಡ್ಡೆ, ಚೀಟಿ, ಹಂಚಿಕೆ, ಮೂರೂ ಒಂದೇ ವಾಕ್ಯದಲ್ಲಿ.

ಇನ್ನು ಈ ಮನೆತನಕ್ಕೆ ಸೇರದ ಇಬ್ಬರ ವಿಷಯ ಹೇಳಿಬಿಡ್ತೀನಿ, ಮಕ್ಕಳು ಕೇಳೇ ಕೇಳ್ತಾರೆ. ಪ್ರವಾದಿ ಲೂತ್(ಅ) ಅವರ ಹೆಸರನ್ನು ಇಂಗ್ಲಿಷ್ ಬೈಬಲಿನಲ್ಲಿ ಇದೇ ಮೂರಕ್ಷರದಲ್ಲಿ ‘ಲಾಟ್’ ಅಂತ ಬರೀತಾರೆ. ಅದು ಹೀಬ್ರೂ ಹೆಸರು, ಕಟ್ಟಿಗೆ ಚೂರಿಗೂ ಅದಕ್ಕೂ ಸಂಬಂಧವಿಲ್ಲ. ಎರಡನೆಯವರು ನಮ್ಮ ‘ಲಾಟ್ ಸಾಹೇಬ್’ರು. ಮಗ ಮಧ್ಯಾಹ್ನದವರೆಗೆ ಮಲಗಿದರೆ “ಬಡೇ ಲಾಟ್ ಸಾಹಬ್ ಉಠ್ ಗಯೇ?” ಅಂತ ಉರ್ದು ಮನೆಗಳಲ್ಲಿ ಅಮ್ಮಂದಿರು ಬೈತಾರಲ್ಲ, ಆ ಲಾಟ್. ತುಂಬಾ ದೊಡ್ಡ ಮನುಷ್ಯ ಅನ್ನೋ ಅರ್ಥಕ್ಕೆ ‘ಎ ಲಾಟ್’ನಿಂದ ಬಂದಿರಬೇಕು ಅಂತ ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು ವಾದ ಮಾಡಿದ್ದರು. ಅಲ್ಲ. ಅದು ಬ್ರಿಟಿಷರ ಕಾಲದ ‘ಲಾರ್ಡ್’, ಗವರ್ನರ್ ಸಾಹೇಬ. ನಮ್ಮ ಜನರ ನಾಲಿಗೆಯಲ್ಲಿ ‘ರ’ಕಾರ ಉದುರಿ, ‘ಡ’ ‘ಟ’ ಆಗಿ ಲಾಟ್ ಆಗಿದ್ದಾನೆ. ಅವನಿಗೆ ಯಾವ ಚೀಟಿಯನ್ನೂ ಎತ್ತಬೇಕಾಗಿರಲಿಲ್ಲ.